ಗದ್ದೆ ಮದ್ದು ಮತ್ತು ಮೀನಿನ ಮೊಟ್ಟೆ: ಮರಿ ಹೊರಗೆ ಬಂದರೆ ನೀರು ಸರಿ ಉಂಟು ಅಂತಲಾ?

ಬೈಲುಕರೆ:
ಉಡುಪಿ ಕಡೆ ಏಣಿಲು (ಮಳೆಗಾಲದ ಭತ್ತ) ಬೆಳೆಗೆ ಕಾಂಡಕೊರಕ, ಎಲೆಸುರುಳಿ ಹುಳ ಅಂತ ಮದ್ದು ಹೊಡೆಯುವ ಹೊತ್ತಿಗೆ ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ), ಗದ್ದೆಯಲ್ಲಿ ಮೀನಿನ ಮೊಟ್ಟೆ–ಮರಿ ಇರ್ತದೆ. ಅದಕ್ಕೆ ಕ್ಲೋರ್‌ಪೈರಿಫಾಸ್ ಮತ್ತು ಸೈಪರ್‌ಮೆಥ್ರಿನ್ ಎರಡು ಹುಳದ ಮದ್ದನ್ನೂ ಜೀಬ್ರಾಫಿಶ್ (ಪ್ರಯೋಗಾಲಯದಲ್ಲಿ ಸಾಕುವ ಸಣ್ಣ ಮೀನು) ಮೊಟ್ಟೆಯ ಮೇಲೆ ಪರೀಕ್ಷೆಗೆ ಇಟ್ಟದ್ದು. 24 ಗುಳಿಯ ಪ್ಲಾಸ್ಟಿಕ್ ತಟ್ಟೆ, ಒಂದೊಂದು ಸಾಂದ್ರತೆಗೆ 20 ಮೊಟ್ಟೆ, 26 ಡಿಗ್ರಿ. ಸೈಪರ್‌ಮೆಥ್ರಿನ್ ಲೀಟರಿಗೆ 50 ಮೈಕ್ರೋಗ್ರಾಂ ಹಾಕಿದರೂ 48 ಗಂಟೆಗೆ ಸಾವು ಹೆಚ್ಚುಕಡಿಮೆ ಇಲ್ಲ. ಮರಿ ಹೊರಗೂ ಬರ್ತದೆ, ಬೆನ್ನು ಮಾತ್ರ ಬಾಗಿರ್ತದೆ. ಮೊಟ್ಟೆಯ ಹಂತಕ್ಕೆ ತೊಂದರೆ ಇಲ್ಲ ಅಂತ ವರದಿಯಲ್ಲಿ ಬರೆಯಬಹುದಾ?

ತೋಡುಮೀನು:
ದಯವಿಟ್ಟು ಹಾಗೆ ಬರೆಯಬೇಡಿ ಮಾರಾಯ್ರೇ. ನೀವು ಮಾಡ್ತಾ ಇರುವುದು ಓಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 236ನೇ ಮಾರ್ಗಸೂಚಿಯ (2013) ಪರೀಕ್ಷೆ, ಮೀನಿನ ಮೊಟ್ಟೆಗೆ ವಿಷ ಎಷ್ಟು ತಾಗ್ತದೆ ಅಂತ ನೋಡುವುದು. ಅದರಲ್ಲಿ ಸಾವು ಅಂತ ಎಣಿಸುವುದು ನಾಲ್ಕೇ ಗುರುತನ್ನು: ಮೊಟ್ಟೆ ಹೆಪ್ಪುಗಟ್ಟುವುದು, ಬೆನ್ನಿನ ಖಂಡಗಳು ಮೂಡದಿರುವುದು, ಬಾಲ ಹಳದಿ ಚೀಲದಿಂದ ಬಿಡಿಸಿಕೊಳ್ಳದಿರುವುದು, ಹೃದಯ ಬಡಿಯದಿರುವುದು. ಬೆನ್ನು ಬಾಗಿದ ಮರಿ ಈ ಲೆಕ್ಕದಲ್ಲಿ ಬದುಕಿದೆ. ಆದರೆ ತೋಡಿನ ಹರಿವಿನಲ್ಲಿ ಅದು ಈಜಲಾರದು, ಮೇವು ಹಿಡಿಯಲಾರದು. ಹಳದಿ ಮುಗಿದರೆ ಅದರ ಕಥೆಯೂ ಮುಗಿಯಿತು.

ಎರಡೂ ಮದ್ದು ಕೊಬ್ಬಿಗೆ ಅಂಟುವಂಥವು. ಹೊರಪೊರೆ ದಾಟಿ ಒಳಗೆ ಹೋದದ್ದು ಹಳದಿಯಲ್ಲಿ ಕೂತುಕೊಳ್ತದೆ, ಮರಿ ಹಳದಿಯನ್ನು ಉಂಡ ಹಾಗೆ ಮೈಗೆ ಇಳೀತದೆ. ಮೊಟ್ಟೆ ಒಡೆದ ಮೇಲೆ ಪೊರೆಯ ಮರೆಯೂ ಹೋಯಿತು. ಹಾಗಾಗಿ ಪೆಟ್ಟು ಕಾಣುವುದು 72 ಗಂಟೆಯ ನಂತರ. ಕ್ಲೋರ್‌ಪೈರಿಫಾಸ್ ಮೈಯೊಳಗೆ ಆಕ್ಸಾನ್ ಅನ್ನುವ ಇನ್ನೂ ವಿಷದ ರೂಪಕ್ಕೆ ತಿರುಗಿ, ನರದ ಸೂಚನೆ ನಿಲ್ಲಿಸುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವವನ್ನು ಕಟ್ಟಿಹಾಕ್ತದೆ. ಸ್ನಾಯುವಿಗೆ ಬರುವ ಸೂಚನೆ ನಿಲ್ಲುವುದೇ ಇಲ್ಲ. ಸೈಪರ್‌ಮೆಥ್ರಿನ್ ನರದ ಸೋಡಿಯಂ ಬಾಗಿಲು ಮುಚ್ಚದ ಹಾಗೆ ಹಿಡೀತದೆ. ಇಂಥ ಮದ್ದನ್ನು (ಪೈರೆಥ್ರಾಯ್ಡ್) ಒಡೆದು ಹೊರಹಾಕುವುದರಲ್ಲಿ ಮೀನು ತುಂಬ ನಿಧಾನ, ಸಸ್ತನಿಗಳ ಹಾಗಲ್ಲ.

96 ಗಂಟೆಗೆ ಒಂದು ಕಣ್‌ರೆಪ್ಪೆಯ ಕೂದಲನ್ನು ಕಡ್ಡಿಯ ತುದಿಗೆ ಅಂಟಿಸಿ ಮರಿಯ ಬಾಲ ಮುಟ್ಟಿ ನೋಡಿ. ಸರಿ ಇರುವ ಮರಿ ಚಂಗನೆ ಗುಳಿಯ ಆಚೆ ಬದಿಗೆ ಹೋಗ್ತದೆ. ಸೈಪರ್‌ಮೆಥ್ರಿನ್ ತಾಗಿದ್ದು ಇದ್ದಲ್ಲೇ ನಡುಗಿ ಸುರುಳಿ ಸುತ್ತಿಕೊಳ್ತದೆ. ಇದನ್ನೂ, ಹೃದಯದ ಸುತ್ತ ನೀರು ತುಂಬಿ ಊದಿದ್ದನ್ನೂ ಬೇರೆ ಕಾಲಂನಲ್ಲಿ ಬರೆದುಕೊಳ್ಳಿ.

ಗಾಜಿನಬೀಕರ್:
ಆ 50 ಮೈಕ್ರೋಗ್ರಾಂ ಅನ್ನುವುದು ಕಾಗದದ ಲೆಕ್ಕ ಮಾತ್ರ. ಸೈಪರ್‌ಮೆಥ್ರಿನ್ ನೀರಿನಲ್ಲಿ ಕರಗುವುದೇ ಲೀಟರಿಗೆ ಸುಮಾರು 4 ಮೈಕ್ರೋಗ್ರಾಂ. ಉಳಿದದ್ದು ಪ್ಲಾಸ್ಟಿಕ್ ಗೋಡೆಗೆ, ಪಿಪೆಟ್ ತುದಿಗೆ ಹಿಡಿದುಕೊಳ್ತದೆ. 2 ಮಿ.ಲೀ. ನೀರು ಹಿಡಿಯುವ ಗುಳಿಯಲ್ಲಿ ಗೋಡೆಯದ್ದೇ ದೊಡ್ಡ ಪಾಲು. ಗಾಜಿಗೆ ಬದಲಾಯಿಸಿ. ಗಾಜಿನಲ್ಲೂ ಮೊದಲು ಅದೇ ದ್ರಾವಣ 24 ಗಂಟೆ ತುಂಬಿಟ್ಟು, ಚೆಲ್ಲಿ, ಹೊಸತು ಹಾಕಿ ಮೊಟ್ಟೆ ಬಿಡಿ. ದಿನಕ್ಕೊಮ್ಮೆ ದ್ರಾವಣ ಬದಲಾಯಿಸಿ.

ಮದ್ದು ಕರಗಿಸಲು ಅಸಿಟೋನ್ ಅಥವಾ ಡಿಎಂಎಸ್ಒ ದ್ರಾವಕ ಬಳಸಿದ್ದಾದರೆ ಲೀಟರಿಗೆ 100 ಮೈಕ್ರೋಲೀಟರ್ ಮೀರಬಾರದು. ಬರೀ ಅದನ್ನೇ ಹಾಕಿದ 20 ಮೊಟ್ಟೆಯ ಕಂಟ್ರೋಲ್ (ಮದ್ದು ಹಾಕದೆ ಹೋಲಿಕೆಗೆ ಇಡುವ ಗುಂಪು) ಬೇರೆಯೇ ಬೇಕು. ಬರೀ ನೀರಿನ ಕಂಟ್ರೋಲಿನಲ್ಲಿ ಶೇ. 90 ಉಳಿಯಬೇಕು. ಪರೀಕ್ಷೆ ಸರಿ ಉಂಟಾ ಅಂತ ನೋಡಲು ಇಡುವ ವಿಷ 3,4-ಡೈಕ್ಲೋರೋಅನಿಲೀನ್ ಲೀಟರಿಗೆ 4 ಮಿಲಿಗ್ರಾಂ ಹಾಕಿದಲ್ಲಿ ಕನಿಷ್ಠ ಶೇ. 30 ಸಾಯಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಸುತ್ತನ್ನು ಬಿಟ್ಟುಬಿಡಿ.

ಬೈಲುಕರೆ:
ಕ್ಲೋರ್‌ಪೈರಿಫಾಸ್ ಅಂಗಡಿಯ ಬಾಟಲಿಯ 20% ಇಸಿ (ನೀರಿಗೆ ಬೆರೆಸಿ ಹೊಡೆಯುವ ಎಣ್ಣೆಯಂಥ ಮದ್ದು) ಬಳಸಿದ್ದು, ಶುದ್ಧ ಪುಡಿ ಅಲ್ಲ. ತೊಂದರೆ ಉಂಟಾ?

ಗಾಜಿನಬೀಕರ್:
ಗದ್ದೆಗೆ ಬೀಳುವುದು ಅದೇ ಆದ ಕಾರಣ ಬಳಸುವುದು ತಪ್ಪಲ್ಲ. ಆದರೆ ಇಸಿಯಲ್ಲಿರುವ ದ್ರಾವಕ, ಎಮಲ್ಸಿಫೈಯರ್ (ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ವಸ್ತು) ಕೂಡ ಮೊಟ್ಟೆಗೆ ವಿಷವೇ, ಪಕ್ಕದಲ್ಲಿ ಶುದ್ಧ ಮದ್ದಿನ ಒಂದು ಸಾಲು ಇಡದಿದ್ದರೆ ಯಾವುದರ ಪೆಟ್ಟು ಅಂತ ಹೇಳಲಿಕ್ಕಾಗದು. ಅಳತೆ ಎರಡು ಹಂತದಲ್ಲಿ ಮಾಡಿ: 1 ಮಿ.ಲೀ. ಇಸಿಯನ್ನು 1 ಲೀಟರಿಗೆ ಮಾಡಿದರೆ 200 ಮಿಲಿಗ್ರಾಂ. ಅದರಿಂದ 1 ಮಿ.ಲೀ. ತೆಗೆದು ಇನ್ನೊಂದು ಲೀಟರಿಗೆ ಮಾಡಿದರೆ 200 ಮೈಕ್ರೋಗ್ರಾಂ. ನೇರವಾಗಿ 1 ಮೈಕ್ರೋಲೀಟರ್ ಅಳೆಯಲು ಹೋದರೆ ಎಣ್ಣೆಯಂಥ ದ್ರವ ತುದಿಯೊಳಗೇ ಉಳಿದು ಲೆಕ್ಕ ಕೆಡ್ತದೆ.

ಕಟ್ಟಪುಣಿ:
ಗದ್ದೆಯ ಲೆಕ್ಕವನ್ನೂ ಮುಂದಿಟ್ಟುಕೊಳ್ಳಿ. ಎಕರೆಗೆ 500 ಮಿ.ಲೀ. ಕ್ಲೋರ್‌ಪೈರಿಫಾಸ್ 20% ಇಸಿ ಅಂದರೆ 100 ಗ್ರಾಂ ಮದ್ದು. 5 ಸೆಂ.ಮೀ. ನೀರು ನಿಂತ ಎಕರೆಯಲ್ಲಿ ಸುಮಾರು 2 ಲಕ್ಷ ಲೀಟರ್ ಉಂಟು. ಎಲ್ಲವೂ ನೀರಿಗೆ ಬಿದ್ದರೆ ಲೀಟರಿಗೆ 500 ಮೈಕ್ರೋಗ್ರಾಂ. ಎಲೆ, ಕೆಸರು ಒಂದಷ್ಟು ಹಿಡಿದುಕೊಳ್ತದೆ, ಹಾಗಾಗಿ ಇದು ಮೇಲಿನ ಮಿತಿ. ನಿಮ್ಮ ಸಾಂದ್ರತೆಗಳನ್ನು ಅದರ ಕೆಳಗೆ ಜೋಡಿಸಿ. ಹೊಡೆದ ಸಂಜೆಯೇ ಮಳೆ ಬಂದು ಕಂಡಿ ತೆರೆದರೆ ಮದ್ದು ನೇರ ತೋಡಿಗೆ. ಹೊಡೆಯುವ ಮೊದಲೇ ನೀರು ಇಳಿಸಿ, ಕಂಡಿ ಕಟ್ಟಿ ಹಿಡಿದಿಟ್ಟುಕೊಂಡಷ್ಟು ತೋಡು ಉಳೀತದೆ.

ನಮ್ಮ ಮುರಕಲ್ಲು ನೆಲದ ನೀರು ಮೆದು, ಸ್ವಲ್ಪ ಹುಳಿ. ಕ್ಲೋರ್‌ಪೈರಿಫಾಸ್ ಕ್ಷಾರದ ನೀರಿನಲ್ಲಿ ಬೇಗ ಒಡೀತದೆ, ಹುಳಿ ನೀರಿನಲ್ಲಿ ಹೆಚ್ಚು ದಿನ ನಿಲ್ತದೆ. ಇನ್ನೊಂದು: ಮೇಲೆ ಅಡಿಕೆ ತೋಟ ಇದ್ದರೆ ಕೊಳೆರೋಗಕ್ಕೆ ಹೊಡೆದ ಬೋರ್ಡೋದ (ಮೈಲುತುತ್ತು–ಸುಣ್ಣದ ದ್ರಾವಣ) ತಾಮ್ರವೂ ಅದೇ ತೋಡಿಗೆ ಬರ್ತದೆ. 100 ಲೀಟರಿಗೆ 1 ಕಿಲೋ ಮೈಲುತುತ್ತು ಸಣ್ಣ ಪ್ರಮಾಣ ಅಲ್ಲ, ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ತೋಡಿನ ನೀರಿನಲ್ಲೇ ಮೊಟ್ಟೆ ಇಡುವುದಾದರೆ ತಾಮ್ರ ಎಷ್ಟಿದೆ ಅಂತ ಮೊದಲು ನೋಡಿ. ಇಲ್ಲದಿದ್ದರೆ ಎಲ್ಲ ತಪ್ಪನ್ನೂ ಹುಳದ ಮದ್ದಿನ ತಲೆಗೆ ಕಟ್ಟಿದ ಹಾಗಾಗ್ತದೆ.

ತೋಡುಮೀನು:
ಮುಂದೆ ರೋಹು, ಕಟ್ಲಾದ ಮೊಟ್ಟೆಯಲ್ಲಿ ಮಾಡುವುದಾದರೆ ಗಂಟೆಯ ಲೆಕ್ಕ ಬೇರೆ. 27–30 ಡಿಗ್ರಿಯಲ್ಲಿ 14–18 ಗಂಟೆಗೇ ಮರಿ ಹೊರಬರ್ತದೆ, ಹಳದಿ ಸುಮಾರು ಮೂರು ದಿನಕ್ಕೆ ಮುಗೀತದೆ. ಮೊಟ್ಟೆ ಉಬ್ಬಿ ಸುಮಾರು 5 ಮಿ.ಮೀ. ಆಗ್ತದೆ, 24 ಗುಳಿಯ ತಟ್ಟೆ ಸಾಲದು. ಬೀಕರಿನಲ್ಲಿ ಮೆಲ್ಲಗೆ ಗಾಳಿ ಬಿಟ್ಟು ಮೊಟ್ಟೆ ತೇಲಾಡುವ ಹಾಗೆ ಇಡಿ. ಬಿಳಿಯಾದದ್ದನ್ನು ಆಗಾಗ ತೆಗೆಯಿರಿ, ಬಿಟ್ಟರೆ ಬೂಷ್ಟು ಪಕ್ಕದ ಒಳ್ಳೆ ಮೊಟ್ಟೆಗೂ ಹಿಡೀತದೆ. ಮರಿ ಬಾಯಿ ತೆರೆದು ಮೇವು ತೆಗೆದುಕೊಳ್ಳುವವರೆಗೆ ಪರೀಕ್ಷೆ ನಿಲ್ಲಿಸಬೇಡಿ.