ಸಹಾಯ ಬೇಕು: ಆಂಟಿಬಯಾಟಿಕ್ ನಂತರ ಮಗಳಿಗೆ ಕಾಮಾಲೆ

ನಮಸ್ಕಾರ. ಕಿವಿ ಸೋಂಕಿಗೆಂದು ಮಗಳಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೊಟ್ಟಿದ್ದರು. ಕೋರ್ಸ್ ಮುಗಿದು ವಾರಗಳಾದ ಮೇಲೆ ಕಣ್ಣು ಹಳದಿಯಾಯಿತು, ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿತು. ರಾತ್ರಿಯಿಡೀ ಅಂಗಾಲು ಕೆರೆದುಕೊಂಡು ಅಳುತ್ತಾಳೆ. ಹೆಪಟೈಟಿಸ್ ಎ, ಬಿ, ಸಿ, ಇ ಎಲ್ಲವೂ ನೆಗೆಟಿವ್. ಈ ಔಷಧ ನಿಲ್ಲಿಸಿದ ಮೇಲೂ ಲಿವರ್‌ಗೆ ಪೆಟ್ಟು ಬೀಳಬಹುದು, ಬಹುತೇಕರು ಚೇತರಿಸಿಕೊಳ್ಳುತ್ತಾರೆ ಎಂದರು ಡಾಕ್ಟರ್. ಆದರೆ ವಿಟಮಿನ್ ಕೆ ಕೊಟ್ಟ ಮೇಲೂ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಪರೀಕ್ಷೆ) 1.8 ಇದೆ, ಹೆಚ್ಚೇ ಇದೆ, ಅದೇ ಭಯ. ಅಡ್ಮಿಟ್ ಮಾಡಿದ್ದೇವೆ.

ನಿಮ್ಮ ಮಕ್ಕಳಿಗೆ ಹೀಗಾಗಿತ್ತೇ? ಬಿಲಿರುಬಿನ್ (ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಹಳದಿ ಅಂಶ) ಇಳಿಯಲು ಎಷ್ಟು ಕಾಲ ಹಿಡಿಯಿತು? ಲಿವರ್ ಕಸಿ ಸೌಲಭ್ಯವಿರುವ ಆಸ್ಪತ್ರೆಗೆ ಯಾವಾಗ ಕಳಿಸಿದರು? ತುರಿಕೆಗೆ ಏನು ಕೊಟ್ಟರು? ಮುಂದೆ ಸೋಂಕಾದಾಗ ಯಾವ ಆಂಟಿಬಯಾಟಿಕ್ ಬರೆದರು? ದಯವಿಟ್ಟು ನಾಟಿ ಔಷಧಿ ಸೂಚಿಸಬೇಡಿ, ಈಗ ಅವಳ ಲಿವರ್ ಅದನ್ನು ತಡೆಯಲಾರದು. ಅನುಭವ ಇರುವವರು ರಾತ್ರಿಯಾದರೂ ಸರಿ, ಬರೆಯಿರಿ.