15 ಯೂರೋ ಒಳಗೆ ಯಾವ ಟಿನ್ ವಿಸಲ್ ಕೊಳ್ಳಲಿ?

ಗಾಲ್ವೇ ಗುಬ್ಬಿ ಕೇಳಿದ್ದು:

ಐರ್ಲೆಂಡಿನ ಗಾಲ್ವೇಗೆ ಬಂದು ಎಂಟು ತಿಂಗಳಾಯಿತು. ಶಾಪ್ ಸ್ಟ್ರೀಟಿನಲ್ಲಿ ಸಂಜೆ ನಡೆದು ಹೋಗುವಾಗ, ಮಳೆ ಜಿನುಗುತ್ತಿದ್ದರೂ ಯಾರಾದರೊಬ್ಬರು ಮೂಲೆಯಲ್ಲಿ ನಿಂತು ಟಿನ್ ವಿಸಲ್, ಅಂದರೆ ಆರು ತೂತಿನ ತಗಡಿನ ಕೊಳಲು, ಊದುತ್ತಿರುತ್ತಾರೆ. ಕೇಳುತ್ತಾ ಕೇಳುತ್ತಾ ಕೈ ತುರಿಸತೊಡಗಿದೆ. ಚಿಕ್ಕಂದಿನಲ್ಲಿ ಎರಡು ವರ್ಷ ಕೊಳಲು ಕಲಿತಿದ್ದೆ. ಸರಳೆ, ಜಂಟಿ ಮುಗಿಸಿ ಅಲಂಕಾರಕ್ಕೆ ಕಾಲಿಡುವಷ್ಟರಲ್ಲಿ ಹತ್ತನೇ ತರಗತಿ ಅಡ್ಡ ಬಂತು. ಈಗ ವಯಸ್ಸು 41.

ಮೊನ್ನೆ ಒಂದು ಅಂಗಡಿಗೆ ಹೋಗಿದ್ದೆ. ಲೋಟದಲ್ಲಿ ಪೆನ್ಸಿಲ್ ಸಿಕ್ಕಿಸಿದಂತೆ ವಿಸಲ್‌ಗಳನ್ನು ಸಿಕ್ಕಿಸಿಟ್ಟಿದ್ದರು. ಹಸಿರು ಮೂತಿ, ನೀಲಿ ಮೂತಿ, ಕೆಂಪು ಮೂತಿ, ಕಪ್ಪು ಬಣ್ಣದ ಮೇಲೆ ಚಿನ್ನದ ಚಿತ್ತಾರ. ಒಂದರ ಮೇಲೆ ಡಿ ಎಂದಿತ್ತು, ಇನ್ನೊಂದರ ಮೇಲೆ ಸಿ. ಗೊಂದಲವಾಗಿ ಬರಿಗೈಯಲ್ಲಿ ಹೊರಬಂದೆ. ಯಾವ ಶ್ರುತಿಯದು ಬೇಕು? ಹಿತ್ತಾಳೆಯೋ ನಿಕಲ್ಲೋ? ಇಲ್ಲವೇ ದುಡ್ಡು ಕೂಡಿಸಿ, ನಮ್ಮ ಕೊಳಲಿನಂತೆ ಗಂಭೀರವಾಗಿ ನುಡಿಯುವ ಆ ಉದ್ದನೆಯ ಲೋ ವಿಸಲ್ಲನ್ನೇ ಕೊಳ್ಳಲೇ?

ಬಿದಿರುಮೆಳೆ:

ಮೈಸೂರಿನಿಂದ ಬರೆಯುತ್ತಿದ್ದೇನೆ. ಬಿದಿರು ಬಿಟ್ಟು ತಗಡಿಗೆ ಏಕೆ ಹೋಗುತ್ತೀರಿ? ಬಾಯಿಗೆ ನೇರವಾಗಿ ಇಟ್ಟುಕೊಂಡು ಊದುವ ಕೊಳಲು ಜಾತ್ರೆಯಲ್ಲಿ ಮಕ್ಕಳ ಕೈಯಲ್ಲಿ ಇರುತ್ತದಲ್ಲ, ಇದೂ ಅದೇ ಜಾತಿ. ಮೂರು ದಿನ ಮನೆಯವರ ಕಿವಿ ಕೊರೆದು ನಾಲ್ಕನೆಯ ದಿನ ಅಟ್ಟ ಸೇರುತ್ತದೆ.

ರಾತ್ರಿಪಾಳಿ:

ಬಿದಿರುಮೆಳೆಯವರೇ, ಜಾತಿ ಅದೇ ಎಂದದ್ದು ಸರಿ. ಆದರೆ ಜಾತ್ರೆಯ ಕೊಳಲಿನ ತೂತುಗಳನ್ನು ಶ್ರುತಿ ನೋಡಿ ಕೊರೆದಿರುವುದಿಲ್ಲ, ಇದರಲ್ಲಿ ನೋಡಿಯೇ ಕೊರೆದಿರುತ್ತಾರೆ. ಇಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಲಿಸುವುದೂ ಇದನ್ನೇ, ಪಬ್ಬಿನ ಮೂಲೆಯಲ್ಲಿ ಪಳಗಿದ ಕೈಗಳು ನುಡಿಸುವುದೂ ಇದನ್ನೇ. ಬೆಲೆ ನೋಡಿ ಮೂಗು ಮುರಿಯಬೇಡಿ.

ಗುಬ್ಬಿಯವರೇ, ನಾನು ಕ್ಲೇರ್ ಕೌಂಟಿಯ ಎನಿಸ್‌ನಲ್ಲಿ ನರ್ಸ್. ಹನ್ನೊಂದು ವರ್ಷದಿಂದ ಊದುತ್ತಿದ್ದೇನೆ, ಅದರಲ್ಲಿ ಮೊದಲ ಎರಡು ವರ್ಷ ವ್ಯರ್ಥ. ನೀವು ಅಷ್ಟು ವ್ಯರ್ಥ ಮಾಡಬಾರದೆಂದು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಶ್ರುತಿಯ ವಿಷಯದಲ್ಲಿ ಯೋಚನೆಯೇ ಬೇಡ. ಡಿ ಕೊಳ್ಳಿ. ಇಲ್ಲಿಯ ಪಿಟೀಲು, ಪೈಪ್ (ತಿದಿಯ ಗಾಳಿಯಿಂದ ನುಡಿಯುವ ವಾದ್ಯ), ಅಡ್ಡಕೊಳಲುಗಳ ಮಟ್ಟುಗಳಲ್ಲಿ ಹೆಚ್ಚಿನವು ಡಿ ಅಥವಾ ಜಿ ಯಲ್ಲಿವೆ, ಡಿ ವಿಸಲ್ಲಿನಲ್ಲಿ ಎರಡೂ ಸಲೀಸು. ಸಿ ಕೊಂಡರೆ ಮನೆಯಲ್ಲಿ ಒಬ್ಬರೇ ಕುಳಿತು ಊದಬೇಕು. ಲೋ ವಿಸಲ್ ಈಗ ಬೇಡವೇ ಬೇಡ. ಲೋ ಡಿ ಸುಮಾರು ಎರಡು ಅಡಿ ಉದ್ದ, ತೂತುಗಳ ನಡುವಿನ ಅಂತರಕ್ಕೆ ಬೆರಳ ತುದಿ ಎಟುಕುವುದಿಲ್ಲ, ಬೆರಳನ್ನು ಚಪ್ಪಟೆಯಾಗಿ ಚಾಚಿ ಮುಚ್ಚಬೇಕು. ಬೆಲೆಯೂ ನಿಮ್ಮ ಲೆಕ್ಕದ ಹಲವು ಪಟ್ಟು. ಇಷ್ಟಕ್ಕೂ ಅದು ಹಳೆಯ ವಾದ್ಯವೇನಲ್ಲ. ಬರ್ನಾರ್ಡ್ ಓವರ್ಟನ್ ಎಂಬ ಇಂಗ್ಲಿಷ್ ಕುಶಲಕರ್ಮಿ ಐರಿಷ್ ವಾದಕ ಫಿನ್‌ಬಾರ್ ಫ್ಯೂರಿಗಾಗಿ ಅದನ್ನು ಮಾಡಿಕೊಟ್ಟದ್ದು 1970ರ ದಶಕದ ಆರಂಭದಲ್ಲಿ.

ಹಿತ್ತಾಳೆಯೋ ನಿಕಲ್ಲೋ ಎಂಬುದು ಸೀರೆಯ ಅಂಚಿನ ವಿಷಯ. ನಾದ ಹುಟ್ಟುವುದು ಮೂತಿಯಲ್ಲಿ, ಕೊಳವೆಯ ಲೋಹದಲ್ಲಲ್ಲ. ಹಿತ್ತಾಳೆಯದನ್ನು ಊದಿದ ಮೇಲೆ ಕೈಗೆ ಚೊಂಬು ತಿಕ್ಕಿದ ವಾಸನೆ ಬರುತ್ತದೆ. ನನಗೆ ಅದು ಇಷ್ಟ, ನನ್ನ ಮಗಳಿಗೆ ಆಗದು.

ಇನ್ನು ಹೆಸರುಗಳು. ಹಸಿರು ಮೂತಿಯದು ಫ್ಯಾಡೋಗ್, ಐರಿಷ್‌ನಲ್ಲಿ ಆ ಪದಕ್ಕೆ ವಿಸಲ್ ಎಂದೇ ಅರ್ಥ. 1978ರಿಂದ ಇದೆ. ನಾದ ಗಟ್ಟಿ, ಚುರುಕು. ನೀಲಿ, ಕೆಂಪು ಮೂತಿಯದು ಇಂಗ್ಲೆಂಡಿನ ಜನರೇಷನ್. ಒಳ್ಳೆಯದು ಕೈಗೆ ಸಿಕ್ಕರೆ ಇಳಿವಯಸ್ಸಿನ ತನಕ ಜೊತೆ ಬರುತ್ತದೆ. ನೀವು ನೋಡಿದ ಕಪ್ಪು ಮೈಯದು ಕ್ಲಾರ್ಕ್ ಇರಬೇಕು. ಇದೇ ಎಲ್ಲಕ್ಕಿಂತ ಹಳೆಯದು. ಸಫೋಕ್‌ನ ಕೋನಿ ವೆಸ್ಟನ್ ಎಂಬ ಹಳ್ಳಿಯ ಕೂಲಿಯಾಳು ರಾಬರ್ಟ್ ಕ್ಲಾರ್ಕ್ 1843ರಲ್ಲಿ ತವರದ ತಗಡು ಸುತ್ತಿ ಮಾಡಲು ಆರಂಭಿಸಿದ. ಆಮೇಲೆ ಸಾಮಾನನ್ನೆಲ್ಲ ಕೈಗಾಡಿಯಲ್ಲಿ ತಳ್ಳಿಕೊಂಡು ಮ್ಯಾಂಚೆಸ್ಟರಿಗೆ ನಡೆದೇ ಹೋದನೆಂದು ಕಥೆ. ಇವತ್ತಿಗೂ ಅದರ ಬೆನ್ನು ತಿರುಗಿಸಿ ನೋಡಿದರೆ ತಗಡು ಕೂಡಿದ ಗೆರೆ ಕಾಣುತ್ತದೆ. ಕೊಳವೆ ತುದಿಯ ಕಡೆಗೆ ಸಣ್ಣಗಾಗುತ್ತದೆ, ಮೂತಿಯೊಳಗೆ ಮರದ ತುಂಡು. ನಾದದಲ್ಲಿ ಉಸಿರು ಬೆರೆತಿರುತ್ತದೆ, ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದಂತೆ. ಚೆನ್ನಾಗಿದೆ, ಆದರೆ ಉಸಿರನ್ನು ನುಂಗಿಬಿಡುತ್ತದೆ. ಅದೇ ಮನೆಯ ಸ್ವೀಟೋನ್‌ಗೆ ಪ್ಲಾಸ್ಟಿಕ್ ಮೂತಿ, ಉಸಿರು ಕಡಿಮೆ ಸಾಕು. ಎದುರುಮನೆಗೆ ಕೇಳಿಸಬಾರದು ಎಂದಿದ್ದರೆ ನಾನು ಹೇಳುವುದು ಇದನ್ನೇ.

ಆದರೆ ಹೆಸರಿಗಿಂತ ದೊಡ್ಡದು ಕೈಗೆ ಬಂದ ಆ ಒಂದು ತುಂಡು. ಅಗ್ಗದ ವಿಸಲ್‌ಗಳಲ್ಲಿ ಒಂದೇ ಅಚ್ಚಿನ ಎರಡು ಬೇರೆ ಬೇರೆಯಾಗಿ ನುಡಿಯಬಹುದು. ಆದ್ದರಿಂದ ಅಂಗಡಿಯಲ್ಲಿ ಮೂತಿಯನ್ನು ಬೆಳಕಿಗೆ ಹಿಡಿದು ಗಾಳಿ ಹೋಗುವ ಸೀಳಿನೊಳಗೆ ಕಣ್ಣಿಟ್ಟು ನೋಡಿ. ಆಚೆ ಬದಿಯ ಅಂಚು ಬ್ಲೇಡಿನಂತೆ ನೇರವಾಗಿರಬೇಕು. ಅಚ್ಚಿನಲ್ಲಿ ಉಳಿದ ಪ್ಲಾಸ್ಟಿಕ್ ಕೂದಲೆಳೆ ಅಲ್ಲಿ ಅಂಟಿಕೊಂಡಿದ್ದರೆ ವಾಪಸ್ ಇಡಿ. ಊದಲು ಬಿಡದಿದ್ದರೆ ಅಂಗಡಿಯವರೇ ಊದಿ ತೋರಿಸಲಿ. ಆರೂ ತೂತು ಮುಚ್ಚಿ ಮೆಲ್ಲನೆ ಊದಿದಾಗ ಕೆಳಗಿನ ಡಿ ನಿಲ್ಲಬೇಕು, ಸ್ವಲ್ಪ ಒತ್ತಿದರೆ ಮೇಲಿನ ಸ್ಥಾಯಿಗೆ ಹಾರಬೇಕು. ಮೇಲಿನ ಬಿ ಕಿರುಚದೆ ಬರಬೇಕು. ಇಷ್ಟಾದರೆ ಕೊಂಡುಬಿಡಿ.

ನನ್ನ ಮೊದಲ ವಿಸಲ್ ಪ್ರವಾಸಿಗರ ಅಂಗಡಿಯದು, ಮೈಮೇಲೆ ಮೂರೆಲೆಯ ಚಿತ್ರ. ಎರಡು ವರ್ಷ ಅದರ ಜೊತೆ ಗುದ್ದಾಡಿ, ಕೊನೆಗೊಂದು ದಿನ ಪಕ್ಕದ ಮನೆಯ ಅಜ್ಜನ ಮುಂದೆ ಹಿಡಿದು ದೂರು ಹೇಳಿದೆ. ಅವನು ತೆಗೆದುಕೊಂಡು ಒಂದು ರೀಲ್ (ಇಲ್ಲಿಯ ಕುಣಿತದ ಮಟ್ಟು) ನುಡಿಸಿ, ಅಂಗಿಯ ತೋಳಿಗೆ ಒರೆಸಿ ವಾಪಸ್ ಕೊಟ್ಟ. ಹೇಳಿದ್ದಿಷ್ಟು: ವಿಸಲ್ ಕೆಟ್ಟದ್ದೇ, ಆದರೆ ನಿನ್ನ ಉಂಗುರಬೆರಳು ಅದಕ್ಕಿಂತ ಕೆಟ್ಟದ್ದು. ನೋಡಿದರೆ ನಿಜ. ಬಲಗೈ ಉಂಗುರಬೆರಳ ಅಡಿಯಲ್ಲಿ ಕೂದಲಿನಷ್ಟು ಸಂದಿ. ಅಲ್ಲಿಂದ ಗಾಳಿ ಸೋರುತ್ತಿತ್ತು.

ಮನೆಗೆ ತಂದ ಮೇಲೆ ಎರಡು ಕಸುಬು. ಪ್ಲಾಸ್ಟಿಕ್ ಮೂತಿಯನ್ನು ನಲ್ಲಿಯ ಬಿಸಿನೀರಿನಲ್ಲಿ ಒಂದು ನಿಮಿಷ ಹಿಡಿದು ತಿರುಚಿದರೆ ಅಂಟು ಬಿಡುತ್ತದೆ, ಆಮೇಲೆ ಹಿಂದೆ ಮುಂದೆ ಸರಿಸಿ ಶ್ರುತಿ ಮಾಡಬಹುದು. ಕುದಿಯುವ ನೀರು ಬೇಡ, ಮೂತಿ ಸೊಟ್ಟಗಾಗುತ್ತದೆ. ಮೂತಿ ಕಳಚಿದಾಗ ಗಾಳಿ ಸೀಳಿನ ಕೆಳಗೆ ಒಂದು ಟೊಳ್ಳು ಕಾಣುತ್ತದೆ. ಗೋಡೆಗೆ ಚಿತ್ರ ಅಂಟಿಸುವ ಆ ನೀಲಿ ಮೇಣವನ್ನು ಅಲ್ಲಿ ತುಂಬಿ ಸಮ ಮಾಡಿದರೆ ಮೇಲಿನ ಸ್ವರಗಳು ಎಷ್ಟೋ ಹತೋಟಿಗೆ ಬರುತ್ತವೆ. ಉಸಿರಿನ ತೇವ ಕಟ್ಟಿ ನಾದ ಗಂಟಲು ಕಟ್ಟಿದಂತಾದರೆ, ಮೂತಿಯ ಮೇಲೆ ನಾದ ಹೊರಡುವ ಚೌಕದ ಕಿಟಕಿಗೆ ಬೆರಳಿಟ್ಟು ಜೋರಾಗಿ ಊದಿ. ಬೆರಳಿಡಲು ಮರೆತರೆ ನಾಯಿಗಳು ಓಡಿ ಬರುತ್ತವೆ.

ಹಳೆಯ ಸಾಮಾನಿನ ಅಂಗಡಿಯಲ್ಲಿ ಅಂದವಾದ ಮುದಿ ವಿಸಲ್ ಕಂಡರೆ ಕೊಂಡು ಊದಬೇಡಿ. ಹಿಂದೆ ಕೆಲವು ವಿಸಲ್‌ಗಳ ಮೂತಿಯಲ್ಲಿ ಸೀಸದ ತುಂಡು ಇರುತ್ತಿತ್ತು. ಇದನ್ನು ನರ್ಸ್ ಆಗಿ ಹೇಳುತ್ತಿದ್ದೇನೆ.

ಕೇಳಲು ಇಬ್ಬರು ವಿಸಲ್ ವಾದಕರು: ಮೇರಿ ಬರ್ಗಿನ್, ಮತ್ತು ನಮ್ಮ ಕ್ಲೇರ್‌ನ ಡೂಲಿನ್ ಊರಿನ ಮೀಹೋ ರಸೆಲ್. ಮೇರಿಯ ಬೆರಳು ಹಿಡಿಯಲು ಜನ್ಮ ಬೇಕು. ಮೀಹೋ ಕಡಿಮೆ ಸ್ವರದಲ್ಲಿ ಬಹಳ ಹೇಳುವವರು, ಅವರಿಂದ ಆರಂಭಿಸಿ.

ಬಿದಿರುಮೆಳೆ:

ರಾತ್ರಿಪಾಳಿಯವರು ನನ್ನ ಬಾಯಿ ಮುಚ್ಚಿಸಿದರು. ಶಿಷ್ಯನೊಬ್ಬನ ಮನೆಯಲ್ಲಿ ಡಿ ವಿಸಲ್ ಇತ್ತು, ತರಿಸಿಕೊಂಡು ನಿನ್ನೆ ಪೂರ್ತಿ ಅದರ ಜೊತೆ ಕುಳಿತಿದ್ದೆ. ಗುಬ್ಬಿಯವರೇ, ನಿಮ್ಮ ಹಳೆಯ ಪಾಠ ನಷ್ಟವಾಗಿಲ್ಲ. ನಾವು ಕೊಳಲಿನಲ್ಲಿ ಮೊದಲ ಎರಡು ತೂತು ಮುಚ್ಚಿ ಷಡ್ಜ ಹಿಡಿಯುತ್ತೇವಲ್ಲ, ಇದರಲ್ಲೂ ಹಾಗೆಯೇ ಹಿಡಿಯಿರಿ. ಬರುವ ಸ್ವರ ಎ. ಶ್ರುತಿಯನ್ನು ಅಲ್ಲಿಗೆ ಇಟ್ಟುಕೊಂಡು ಬೆರಳುಗಳನ್ನು ಸಹಜವಾಗಿ ಆಡಿಸಿದರೆ, ನಮ್ಮ ಕೊಳಲಿನಲ್ಲಿ ಬರುವಂತೆಯೇ ಹರಿಕಾಂಭೋಜಿ ರಾಗ ಬರುತ್ತದೆ. ಐರಿಷರಂತೆ ಆರೂ ಮುಚ್ಚಿದ ಡಿ ಯನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ. ಮೂರು ಮುಚ್ಚಿದ ಜಿ ಯನ್ನು ಷಡ್ಜ ಮಾಡಿದರೆ, ಎಲ್ಲ ತೂತು ತೆರೆದಾಗ ಬರುವುದು ಪ್ರತಿಮಧ್ಯಮ, ಅಂದರೆ ಕಲ್ಯಾಣಿ. ಶುದ್ಧ ಮಧ್ಯಮ ಬೇಕೆಂದರೆ ಮೊದಲನೆಯದನ್ನು ತೆರೆದು ಎರಡು, ಮೂರನೆಯದನ್ನು ಮುಚ್ಚಬೇಕು. ಮೋಹನವಂತೂ ಮೊದಲ ದಿನವೇ ಬರುತ್ತದೆ.

ಗಮಕದಲ್ಲಿ ಮಾತ್ರ ಕೈಕೊಡುತ್ತದೆ. ತುಟಿಗೆ ಕೆಲಸವಿಲ್ಲ, ತೂತು ಸಣ್ಣದು. ಉಸಿರು ತಗ್ಗಿಸಿದರೆ ಸ್ವರವೂ ತಗ್ಗುತ್ತದೆ. ತೋಡಿ ನುಡಿಸಲು ಹೋಗಿ ನಾನೇ ನಕ್ಕೆ.

ಗಾಲ್ವೇ ಗುಬ್ಬಿ:

ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ಮೂರನ್ನು ಬೆಳಕಿಗೆ ಹಿಡಿದು ನೋಡಿ, ಒಂದರಲ್ಲಿ ಆ ಕೂದಲೆಳೆ ಕಂಡು ಬಿಟ್ಟು, ಉಳಿದೆರಡರಲ್ಲಿ ಒಂದನ್ನು 12 ಯೂರೋ ಕೊಟ್ಟು ತಂದೆ. ಯಾವುದೆಂದು ಹೇಳಿ ಇಲ್ಲಿ ಜಗಳ ಹಚ್ಚುವುದಿಲ್ಲ. ಮೋಹನ ಬಂತು. ಹೆಂಡತಿ ಎರಡನೆಯ ದಿನವೇ ಸ್ನಾನದ ಕೋಣೆಗೆ ಗಡೀಪಾರು ಮಾಡಿದಳು, ಅಲ್ಲಿ ಇನ್ನೂ ಜೋರಾಗಿ ಕೇಳುತ್ತದೆ. ತೊಂದರೆ ಒಂದೇ. ಕೆಳಗಿನ ಡಿ ಹತ್ತರಲ್ಲಿ ಏಳು ಸಲ ಒಡೆದು ಮೇಲಕ್ಕೆ ಹಾರುತ್ತದೆ. ಉಂಗುರಬೆರಳನ್ನು ಕನ್ನಡಿ ಮುಂದೆ ನೋಡಿದೆ, ಮುಚ್ಚಿಯೇ ಇದೆ.

ರಾತ್ರಿಪಾಳಿ:

ಹಾಗಿದ್ದರೆ ಉಸಿರು ಹೆಚ್ಚಾಯಿತು. ಅಡ್ಡಕೊಳಲಿನ ಅಭ್ಯಾಸ ಅದು. ಕಾಫಿಯ ನೊರೆ ಕದಡದಂತೆ ಊದಿ ನೋಡಿ. ಇನ್ನೊಂದು, ಸ್ನಾನದ ಕೋಣೆ ತಣ್ಣಗಿದ್ದರೆ ವಿಸಲ್ಲನ್ನು ಐದು ನಿಮಿಷ ಕಂಕುಳಲ್ಲಿ ಇಟ್ಟುಕೊಂಡಿರಿ, ತಣ್ಣನೆಯ ಕೊಳವೆಯಲ್ಲಿ ತೇವ ಬೇಗ ಕಟ್ಟುತ್ತದೆ. ಡಿ ನಿಂತ ದಿನ ಇಲ್ಲಿ ಒಂದು ಸಾಲು ಹಾಕಿ.