ಹುಳ್ಳಿಕಟ್ಟಿಗೆ ಕುಕ್ಕರ್ ಇಡೋ ಮುಂಚೆ

ಕಂದಾ, ನಿನ್ನ ಮೆಸೇಜು ಈಗ ನೋಡ್ದೆ. ನಿನ್ನೆ ಹುಳ್ಳಿಕಾಳು ಇಟ್ಟಾಗ ಕುಕ್ಕರ್ ಕೂಗ್ದೆ ಬರೀ ನೊರೆ ಉಕ್ಕಿ ಒಲೆಯೆಲ್ಲಾ ಆಯ್ತು, ಅರೆಬೆಂದ ಕಾಳು ಫ್ರಿಜ್ಜಲ್ಲಿದೆ, ಈ ಚಳಿಗೆ ಮಕ್ಕಳು ಕಟ್ಟಿನ ಸಾರು ಕೇಳ್ತಾವೆ, ಮತ್ತೆ ಇಡಕ್ಕೆ ಭಯ ಅಂತ ಬರ್ದಿದೀಯ. ಇಡು. ಆದ್ರೆ ಕೂಗ್ಲಿಲ್ಲ ಅಂತ ಉರಿ ಮೇಲಿರೋವಾಗ ವೆಯ್ಟ್ ಎತ್ತಬೇಡ ಕಣೆ.

ಹಾಸನದ ಮನೇಲಿ ನನಗಾಗಿದ್ದು ನಿಮ್ಮ ದೊಡ್ಡಮ್ಮಂಗೆ ಚೆನ್ನಾಗಿ ಗೊತ್ತು. 5 ಲೀಟರ್ ಕುಕ್ಕರಿಗೆ ಕಾಳು, ನೀರು ಸೇರಿ ಮುಕ್ಕಾಲು ತುಂಬ್ಸಿದ್ದೆ. ಎರಡು ಸಲ ಕೂಗಿ ನಿಂತೋಯ್ತು. ಹುಳ್ಳಿ ಕುದಿಯೋವಾಗ ನೊರೆ ಜಾಸ್ತಿ, ಆ ನೊರೆ ಜೊತೆ ಸಿಪ್ಪೆ ಮೇಲೆದ್ದು ಆವಿ ಹೋಗೋ ತೂತಿಗೆ ಕಚ್ಕೊಂಡಿತ್ತು. ನಾನು ಇಕ್ಕಳದಲ್ಲಿ ವೆಯ್ಟ್ ಎತ್ತಿದ್ದೇ ತಡ, ಕುದಿಯೋ ಕಟ್ಟು ಸೂರಿನವರೆಗೂ ಚಿಮ್ತು. ಮುಂಗೈ ಪೂರ್ತಿ ಬೊಬ್ಬೆ. ಅದಕ್ಕೇ ಹೇಳೋದು, ತರಕಾರಿಗಾದ್ರೆ ಮೂರರಲ್ಲಿ ಎರಡು ಪಾಲು ತುಂಬು, ಕಾಳಿಗೆ ಅರ್ಧ ದಾಟಬಾರದು.

ಎಲ್ಲಾರೂ ಕೇಳಿಸ್ಕೊಳ್ಳಿ, ಇನ್ನೊಂದ್ಸಲ ಹೇಳ್ತೀನಿ. ಕೂಗು ನಿಂತ್ರೆ ವೆಯ್ಟ್ ಮುಟ್ಟಬೇಡಿ. ಒಲೆ ಆರ್ಸಿ, ದೂರ ಬನ್ನಿ. ಕುಕ್ಕರ್ ತಾನಾಗೇ ತಣ್ಣಗಾಗ್ಲಿ. ಮುಚ್ಚಳ ಬಿಗಿಯಾಗೇ ಇದ್ರೆ ಒಳಗೆ ಇನ್ನೂ ಆವಿ ಇದೆ ಅಂತ ಅರ್ಥ, ಬಲವಂತ ಮಾಡಬೇಡಿ. ಸೇಫ್ಟಿ ವಾಲ್ವ್ ಕರಗಿದ್ರೆ ಅದೇ ಕಂಪನಿದೇ ಹಾಕ್ಸಿ, ಸಿಕ್ಕಿದ್ದು ಹಾಕ್ಸಬೇಡಿ.

ಮೊದಲು ಈ ಗೋಳೇ ಇರಲಿಲ್ಲ. ಅತ್ತೆಯವರ ಬಳಪದ ಕಲ್ಲಿನ ಮರಿಗೇಲಿ ಸಾರು ಕುದಿಸ್ತಿದ್ವಿ, ಇಳಿಸಿ ಅರ್ಧ ಗಂಟೆ ಆದ್ರೂ ಕೊತಕೊತ ಅಂತಿತ್ತು. ಮನೆ ಪಾಲಾದಾಗ ಅದನ್ನ ಹಳೇ ಸಾಮಾನು ಅಂತ ಯಾರಿಗೋ ಕೊಟ್ಟುಬಿಟ್ರು. ದಿನಾ ಅದರಲ್ಲಿ ಅಡುಗೆ ಮಾಡ್ತಿದ್ದೋಳು ನಾನು, ನನ್ನ ಒಂದು ಮಾತು ಕೇಳಲಿಲ್ಲ. ಈಗಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಅಯ್ಯೋ, ನೀನು ಕೇಳಿದ್ದೇ ಬಿಟ್ಟೆ. ಮುಚ್ಚಳ ಬೆಳಕಿಗೆ ಹಿಡಿದು ಆ ತೂತಲ್ಲಿ ನೋಡು, ಬೆಳಕು ಕಾಣ್ದಿದ್ರೆ ಪಿನ್ನಲ್ಲಿ ಚುಚ್ಚಿ ತೊಳಿ. ಫ್ರಿಜ್ಜಲ್ಲಿರೋ ಕಾಳು ಹುಳಿ ವಾಸನೆ ಬಂದಿಲ್ದಿದ್ರೆ ಅದನ್ನೇ ಹಾಕು. ಮುಂದಿನ ಸಲ ರಾತ್ರಿನೇ ನೆನೆಹಾಕು, ಅದಕ್ಕೂ ಮುಂಚೆ ಕಲ್ಲು ಹೋಗೋ ಹಂಗೆ ಜಾಲಿಸು. 1 ಲೋಟ ಕಾಳಿಗೆ 6 ಲೋಟ ನೀರು. ಮುಚ್ಚಳ ಹಾಕ್ದೆ ಕುದಿಸಿ ಮೇಲಿನ ನೊರೆ ತೆಗಿ, 1 ಚಮಚ ಎಣ್ಣೆ ಬಿಡು, ಆಮೇಲೆ ಮುಚ್ಚಿ 5 ಕೂಗು, ಸಣ್ಣ ಉರೀಲಿ ಇನ್ನು 10 ನಿಮಿಷ. ಹುಣಸೆಹಣ್ಣು ಈಗಲೇ ಹಾಕಿದ್ರೆ ಕಾಳು ಬೇಯಲ್ಲ.

ಬಸಿದು, ಬೆಂದ ಕಾಳು 2 ಸೌಟು, ಸುಟ್ಟ ಈರುಳ್ಳಿ 1, ಬೆಳ್ಳುಳ್ಳಿ 6 ಎಸಳು, ಒಂದು ಹಿಡಿ ಕಾಯಿ, ಮೆಣಸು, ಜೀರಿಗೆ, 2 ಚಮಚ ಸಾರಿನಪುಡಿ ಸೇರ್ಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಹಾಕು. ಉಪ್ಪು, ಹುಣಸೆರಸ ಬಿಟ್ಟು ಹಸಿ ವಾಸನೆ ಹೋಗೋವರೆಗೂ ಕುದಿಸಿ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಕೊಡು. ಮುದ್ದೆಗಾದ್ರೆ ತುಸು ಗಟ್ಟಿ ಇರ್ಲಿ. ಚಿಕ್ಕೋನಿಗೆ ಖಾರ ಆಗಲ್ವಲ್ಲ, ರುಬ್ಬಿದ್ದು ಹಾಕೋ ಮುಂಚೆನೇ ಒಂದು ಲೋಟ ಕಟ್ಟು ತೆಗೆದಿಟ್ಟು, ಉಪ್ಪು, ಚಿಟಿಕೆ ಜೀರಿಗೆಪುಡಿ ಹಾಕಿ ಕುದಿಸಿ ಕೊಡು.